ಕೌದಿಯೊಳಗಿನ ಧೋತ್ರ

ಮಗಳು ಚೊಚ್ಚಲ ಹೆರಿಗೆಗೆಂದು ಹೊಸಪೇಟೆಯ ನಮ್ಮ ಮನೆಗೆ ಬಂದ ವಾರವೇ ಗೊತ್ತಾದದ್ದು, ನಮ್ಮ ಮನೆಯಲ್ಲಿ ಹಳೆ ಬಟ್ಟೆ ಇಲ್ಲ ಎಂದು.

ಬೇರೆ ಮನೆಗಳಲ್ಲಿ ಇದು ಸುದ್ದಿಯೇ ಅಲ್ಲ. ನಮ್ಮದು ಹಾಲಿನ ಪಾಕೀಟು ತೊಳೆದು ಹಗ್ಗದ ಮೇಲೆ ಒಣಗಿಸುವ ಮನೆ. ಅಕ್ಕಿ ಚೀಲದ ಬಾಯಿಯ ದಾರವನ್ನು ತುಂಡಾಗದಂತೆ ಎಳೆದು ಉಂಡೆ ಸುತ್ತುವ ಮನೆ. ಸವೆದ ಸಾಬೂನಿನ ಚಕ್ಕೆ ಹೊಸ ಸಾಬೂನಿನ ಬೆನ್ನೇರುತ್ತದೆ. ಹುಣಸೆಹಣ್ಣಿನ ಚರಟ ತಾಮ್ರದ ಕೊಡ ತಿಕ್ಕಲು ಹೋಗುತ್ತದೆ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಿದು ಮುಗಿಸುವವರೆಗೆ ಹೊಸದು ತೆರೆಯುವಂತಿಲ್ಲ. ಇಂಥ ಮನೆಯಲ್ಲಿ ಒಂದು ಮೊಳ ಹಳೆ ಹತ್ತಿ ಬಟ್ಟೆ ಸಿಗದೆ ನಾವೆಲ್ಲ ಕಪಾಟಿನ ಮುಂದೆ ನಿಂತಿದ್ದೆವು.

ಬಟ್ಟೆ ಬೇಕಾಗಿದ್ದದ್ದು ಹುಟ್ಟಲಿರುವ ಕೂಸಿಗೆ. ನಮ್ಮಲ್ಲಿ ಆಗ ತಾನೇ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನದವರೆಗೆ ಹಳೆ ಸೀರೆಯಲ್ಲೋ ಧೋತ್ರದಲ್ಲೋ ಸುತ್ತಿಡುತ್ತಾರೆ. ಇದಕ್ಕೆ ಸರಳ ಕಾರಣವಿದೆ. ಹೊಸ ಬಟ್ಟೆಯ ಗಂಜಿ ಎಳೆ ಚರ್ಮಕ್ಕೆ ಚುಚ್ಚುತ್ತದೆ, ಹಳೆಯದು ಚುಚ್ಚುವುದಿಲ್ಲ. ನನ್ನ ತಾಯಿಗೆ ಅಷ್ಟು ಕಾರಣ ಸಾಲದು. ಬಟ್ಟೆ ಯಾರದು ಎನ್ನುವುದೂ ಅವಳಿಗೆ ಮುಖ್ಯ. ತುಂಬು ಬಾಳು ಬಾಳಿದವರ ಮೈಮೇಲೆ ಇದ್ದದ್ದಾಗಿರಬೇಕು.

ಹೆಂಡತಿ ಅಂಗಡಿಯಿಂದ ಟೊಪ್ಪಿಗೆ, ಕಾಲುಚೀಲ, ಪುಟ್ಟ ಅಂಗಿ ಇರುವ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದಳು. ಅದನ್ನು ತೆಗೆದು ತೋರಿಸಿದಳು.

"ಹತ್ತೀದ ಅದಾವ ಅತ್ತಿ. ಎರಡು ಸಲ ಒಗದು ಹಾಕಿದ್ರ ಆತು."

"ಇರ್ಲಿ, ತೊಟ್ಲಾಗ ಹಾಕೋ ದಿನಕ್ಕ ಇಡವಾ," ಎಂದಳು ಅವ್ವ. "ಬಂದ ದಿನಾನ ಅಂಗಡಿ ಅರಿವಿ ಹಾಕಿದ್ರ ಕೂಸು ಯಾರ ಮನಿಗೆ ಬಂದೀನಂತ ತಿಳಕೊಂಡೀತು?"

"ಅಂಗಡ್ಯೋರ ಮನಿಗೆ ಬಂದೀನಂತ ತಿಳಕೊಂತೈತಿ ಅಜ್ಜಿ. ಚೊಲೋನ ಆತಲ್ಲ, ದಿನಾ ಹೊಸಾ ಅಂಗಿ," ಎಂದಳು ಮಗಳು. ಅವಳು ಉಕ್ಕಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎಂಟನೇ ತಿಂಗಳವರೆಗೂ ಸ್ಟಾಫ್ ಬಸ್ಸಿನಲ್ಲಿ ಓಡಾಡಿ ಈಗ ರಜೆ ಹಾಕಿ ಬಂದಿದ್ದಳು. ಅಜ್ಜಿಯನ್ನು ರೇಗಿಸಲು ಅವಳಿಗೆ ಬೇಕಾದಷ್ಟು ಸಮಯವಿತ್ತು.

ಹುಡುಕಿದೆವು. ಕಪಾಟಿನಲ್ಲಿದ್ದ ಸೀರೆಗಳೆಲ್ಲ ನೀರು ಹೀರದ ಬಟ್ಟೆಗಳು. ನನ್ನ ಅಂಗಿಗಳೂ ಅಷ್ಟೆ. ಟ್ರಂಕಿನಲ್ಲಿದ್ದ ಕೊನೆಯ ಗಂಟು ಹೋದ ದೀಪಾವಳಿಗೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸಿನ ಬುಟ್ಟಿ ಸೇರಿತ್ತು. ಕೊಟ್ಟದ್ದು ಯಾರು ಎಂದು ಅವ್ವ ಕೇಳಿದಳು.

"ನೀವ ಅತ್ತಿ," ಎಂದಳು ಹೆಂಡತಿ. "ಬೋಗಾಣಿಗೆ ಮುಚ್ಚಳಾನೂ ಕೊಡು ಅಂತ ಆಕಿ ಕೂಡ ಅರ್ಧ ತಾಸು ಜಗಳ ಮಾಡಿದ್ರಲ್ಲ."

"ಮುಚ್ಚಳ ಕೊಟ್ಳೇನು?"

"ಕೊಟ್ಳು."

"ಹಂಗಾರ ಲುಕ್ಸಾನೇನಿಲ್ಲ," ಎಂದು ಅವ್ವ ಟ್ರಂಕು ಮುಚ್ಚಿದಳು.

ಆಮೇಲೆ ಯೋಚಿಸಿದಾಗ ಇದರಲ್ಲಿ ವಿಚಿತ್ರವೇನೂ ಇಲ್ಲ ಅನ್ನಿಸಿತು. ಕೈಬಿಚ್ಚಿ ಖರ್ಚು ಮಾಡುವವರ ಮನೆಯಲ್ಲಿ ಹಳೆಯದು ಮೂಲೆಯಲ್ಲಿ ಬಿದ್ದಿರುತ್ತದೆ. ನಮ್ಮಲ್ಲಿ ಬೀಳಲು ಬಿಡುವುದಿಲ್ಲ. ಸೀರೆಯ ಸೆರಗು ಹರಿದರೆ ಉಳಿದದ್ದು ದಿಂಬಿನ ಚೀಲ, ಅದು ಜಾಳಾದರೆ ಹಿಟ್ಟು ಸೋಸುವ ಬಟ್ಟೆ, ಅದೂ ಹೋದರೆ ನೆಲ ಒರೆಸುವುದು. ಕೊನೆಗೆ ಉಳಿದ ಎಳೆಗಳು ದೀಪದ ಬತ್ತಿಯಾಗಿ ಉರಿದುಹೋಗುತ್ತವೆ. ನಮ್ಮ ಮನೆಯಲ್ಲಿ ಬಟ್ಟೆ ಹಳೆಯದಾಗುವುದಿಲ್ಲ, ಮುಗಿಯುತ್ತದೆ.

ಈ ರೂಢಿಗಳೆಲ್ಲ ದೋಣಿಮಲೈನಿಂದ ಬಂದವು. ಅಪ್ಪ ಅಲ್ಲಿ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ನಾನೂ ಅಕ್ಕನೂ ಬೆಳೆದದ್ದು ಕಂಪನಿಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಬಡತನವಿರಲಿಲ್ಲ. ಸಂಬಳ, ಶಾಲೆ, ಆಸ್ಪತ್ರೆ ಎಲ್ಲ ಇತ್ತು. ಆದರೂ ಪ್ರತಿ ಮನೆಯ ಹೆಂಗಸೂ ನಾಳೆಯೇ ಕೆಲಸ ಹೋಗುತ್ತದೆ ಎನ್ನುವಂತೆ ಸಂಸಾರ ಮಾಡುತ್ತಿದ್ದಳು. ಗಣಿಯಲ್ಲಿ ಸವೆದು ತೆಗೆದುಹಾಕಿದ ಕನ್ವೇಯರ್ ಬೆಲ್ಟಿನ ತುಂಡು ಎಲ್ಲರ ಬಾಗಿಲಲ್ಲೂ ಕಾಲೊರಸು. ಮಷೀನಿನ ಬಿಡಿಭಾಗಗಳು ಬರುತ್ತಿದ್ದ ಮರದ ಪೆಟ್ಟಿಗೆಗಳ ಹಲಗೆಯೇ ಅಡಿಗೆಮನೆಯ ಗೂಡು. ಒಗೆಯುವುದಕ್ಕೂ ಒಂದು ಕ್ರಮವಿತ್ತು. ಒಂದೇ ಬಕೀಟು ನೀರಿನಲ್ಲಿ ಮೊದಲು ಶಾಲೆಯ ಬಿಳಿ ಅಂಗಿ, ಆಮೇಲೆ ಸೀರೆ, ಕೊನೆಗೆ ಅಪ್ಪನ ಖಾಕಿ. ಅಷ್ಟರಲ್ಲಿ ಅದಿರಿನ ದೂಳು ಸೇರಿ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅದನ್ನೂ ಚೆಲ್ಲುತ್ತಿರಲಿಲ್ಲ, ಅಂಗಳಕ್ಕೆ ಚಿಮುಕಿಸುತ್ತಿದ್ದರು.

ಇಷ್ಟನ್ನು ಕಣ್ಣಾರೆ ಕಂಡವನಂತೆ ಬರೆದೆ. ಎಷ್ಟನ್ನು ಕಂಡೆ, ಎಷ್ಟು ಅವ್ವ ಹೇಳಿ ಹೇಳಿ ಕಂಡಂತಾಯಿತು ಎಂದು ಈಗ ಬೇರೆ ಮಾಡಲಾರೆ. ಇತಿಹಾಸ ಓದಿ ಹಂಪಿಯ ಕಲ್ಲುಗಳ ನಡುವೆ ವರ್ಷಗಟ್ಟಲೆ ಸುತ್ತಿದವನು ನಾನು. ಗೈಡುಗಳು ಹೇಳುವ ಪ್ರತಿ ಕತೆಗೂ ಆಧಾರ ಎಲ್ಲಿ ಎಂದು ಕೇಳಿ ಅವರಿಂದ ಬೈಸಿಕೊಂಡಿದ್ದೇನೆ. ಆ ಪ್ರಶ್ನೆಯನ್ನು ನಮ್ಮ ಮನೆಯೊಳಗೆ ತಂದರೆ ಅರ್ಧ ಬಾಲ್ಯ ಉಳಿಯುವುದಿಲ್ಲ.

ಬಟ್ಟೆ ಸಿಗದ ದಿನ ಸಂಜೆ ಅವ್ವ ತನ್ನ ಮಂಚದ ಮೇಲೆ ಕೂತು ಹೇಳಿದಳು: "ಕೌದಿ ಬಿಚ್ಚೂಣು."

"ಯಾವ ಕೌದಿ?"

"ಮತ್ಯಾವ್ದು? ನಾ ಹಾಸ್ಕೊಳ್ಳೋದು. ಅದರಾಗ ನಿಮ್ಮಪ್ಪನ ಧೋತ್ರ ಐತಿ. ನನ್ನ ಕೈಯ್ಯಾರೆ ಇಟ್ಟು ಹೊಲ್ದೀನಿ."

ನಮ್ಮ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ ಕೌದಿ. ಹಳೆ ಸೀರೆ, ಲಂಗ, ಅಂಗಿಗಳನ್ನು ಪದರದ ಮೇಲೆ ಪದರ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ದಪ್ಪ ಹಾಸಿಗೆ ಅದು. ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರು ಸೇರಿ ಹೊಲಿದದ್ದು. ಮೇಲಿನ ಪದರದ ಹೂಗಳು ಮಾಸಿ ಈಗ ಬೂದು ಬಣ್ಣವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಅದರ ಮೇಲೆ ಬಿಟ್ಟು ಬೇರೆಲ್ಲೂ ಮಲಗಿಲ್ಲ. ನಾನು ತಂದ ಸ್ಪಂಜಿನ ಗಾದಿ ಹೊದಿಕೆ ಬಿಚ್ಚದೆ ಅಟ್ಟದಲ್ಲಿದೆ. ಯಾಕತ್ತಿ ಎಂದು ಹೆಂಡತಿ ಒಮ್ಮೆ ಕೇಳಿದ್ದಕ್ಕೆ ಅವಳು ಹೇಳಿದ್ದು ಒಂದೇ ಮಾತು: "ಅವ್ರು ಅದರಾಗ ಅದಾರ."

ನಾನು ಹಿಂಜರಿದದ್ದು ಆ ಮಾತು ನೆನಪಾಗಿಯೇ. ಕೌದಿ ಬಿಚ್ಚಿ, ಒಳಗೆ ಧೋತ್ರ ಇಲ್ಲದಿದ್ದರೆ? ಕೂಸಿಗೆ ಬಟ್ಟೆ ಸಿಗದಿರುವುದು ದೊಡ್ಡ ಮಾತಲ್ಲ, ಆಸ್ಪತ್ರೆಯಲ್ಲಿ ಕೊಡುತ್ತಾರೆ. ಆದರೆ ಇಷ್ಟು ವರ್ಷ ಅವ್ವ ಯಾವುದರ ಮೇಲೆ ಮಲಗಿದ್ದಳೋ ಅದು ಬರೀ ಚಿಂದಿಯ ಗಂಟಾಗುತ್ತದೆ. ತಾನೇ ಹೇಳಿ ಬಿಚ್ಚಿಸಿದ ತಪ್ಪಿಗೆ ಅವಳು ಕೌದಿ, ಧೋತ್ರ ಎರಡನ್ನೂ ಕಳೆದುಕೊಳ್ಳುತ್ತಾಳೆ.

ಇಲ್ಲ ಎಂದುಕೊಳ್ಳಲು ನನಗೆ ಕಾರಣವೂ ಇತ್ತು. ಆ ಧೋತ್ರದ ಗತಿ ನನಗೆ ಗೊತ್ತಿತ್ತು. ಕೆಂಪು ಅಂಚಿನ ಆ ಧೋತ್ರವನ್ನು ಅವ್ವ ಕ್ವಾರ್ಟರ್ಸಿನ ಮಾಳಿಗೆಯ ಮೇಲೆ ಹಾಸಿ ಸಂಡಿಗೆ ಇಡುತ್ತಿದ್ದಳು. ಕಾಗೆ ಓಡಿಸಲು ನಾನು ಕೋಲು ಹಿಡಿದು ನೀರಿನ ಟ್ಯಾಂಕಿನ ನೆರಳಲ್ಲಿ ಕೂರುತ್ತಿದ್ದೆ. ಹಿಟ್ಟು ಅಂಟಿ, ಬಿಸಿಲಿಗೆ ಜಾಳಾಗಿ, ಒಂದು ಬೇಸಿಗೆ ಅದು ಅಲ್ಲೇ ಹರಿದುಹೋಯಿತು. ಕೆಂಪು ಅಂಚಿನ ಪಕ್ಕ ಸಾಲಾಗಿ ಕೂತ ಬಿಳಿ ಸಂಡಿಗೆಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ.

ಕಣ್ಣಿಗೆ ಕಟ್ಟುವುದು ಸಾಕ್ಷ್ಯವಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳುವವನು ನಾನೇ. ಹಾಗಾಗಿ ಮರುದಿನ ಕಂಪ್ಲಿಯ ಬಸ್ಸು ಹತ್ತಿದೆ. ಅವ್ವನ ಜೊತೆ ಕೂತು ಆ ಕೌದಿ ಹೊಲಿದವರಲ್ಲಿ ಈಗ ನನಗೆ ಸಿಗುವವಳು ಅಕ್ಕ ಒಬ್ಬಳೇ.

ಅಕ್ಕನ ಮನೆ ಊರಿನ ಹೊರಗೆ ಗದ್ದೆಗಳ ಅಂಚಿನಲ್ಲಿದೆ. ನಾನು ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಖಾಲಿ ಯೂರಿಯಾ ಚೀಲಗಳನ್ನು ಸೀಳಿ, ಒಂದಕ್ಕೊಂದು ಸೇರಿಸಿ, ಭತ್ತ ಒಣಗಿಸಲು ದೊಡ್ಡ ಹಾಸು ಹೊಲಿಯುತ್ತಿದ್ದಳು. ವಿಷಯ ಹೇಳಿದೆ.

"ಇಷ್ಟಕ್ಕ ಬಂದಿಯೇನು? ಫೋನಿನಾಗ ಕೇಳಿದ್ರ ಹೇಳ್ತಿದ್ದಿಲ್ಲೇನು ನಾನು? ಬಸ್ಸಿನ ರೊಕ್ಕ ದಂಡ."

"ನಿನ್ನ ಮುಖ ನೋಡಿ ಕೇಳಬೇಕಂತ ಬಂದೆ."

"ಮುಖ ನೋಡಾಕ ವಿಡಿಯೋ ಕಾಲ್ ಐತಿ ತಮ್ಮಾ. ಕುಂದ್ರು." ಸೂಜಿ ನಿಲ್ಲಿಸದೆಯೇ ಹೇಳಿದಳು: "ಅಪ್ಪನ ಧೋತ್ರ ಅವ್ವನ ಕೌದ್ಯಾಗ ಎಲ್ಲೈತಿ? ಅದು ನನ್ನ ಕೌದ್ಯಾಗ ಐತಿ. ನನ್ನ ಮದಿವ್ಯಾಗ ಕೊಟ್ರಲ್ಲ, ಅದರಾಗ."

"ನೀ ನೋಡಿಯೇನು?"

"ನೋಡೂದೇನು ಬಂತು? ಹೊಲ್ದಾಕಿನ ನಾನು."

"ಹಂಗಾರ ಅವ್ವನ ಕೌದ್ಯಾಗ ಏನೈತಿ?"

"ಮೈದಾ ಚೀಲ. ಅಪ್ಪ ಕ್ಯಾಂಟೀನಿಂದ ತರ್ತಿದ್ರಲ್ಲ, ಬಿಳೇವು? ಬರೀ ಅವ ತುಂಬೇವಿ."

ನಾನು ಸಂಡಿಗೆಯ ಮಾತು ತೆಗೆದೆ. ಅಕ್ಕ ಜೋರಾಗಿ ನಕ್ಕಳು.

"ಲೇ, ಸಂಡಿಗಿ ಇಡ್ತಿದ್ದದ್ದು ಅವ್ವನ ಸೀರಿ ಮ್ಯಾಲೆ. ಧೋತ್ರದ ಮ್ಯಾಲೆ ಇಟ್ರ ಅಪ್ಪ ಬಿಡ್ತಿದ್ರೇನು? ಕಾಗಿ ಕಾಯಿ ಅಂತ ಕುಂದರಿಸಿದ್ರ ಕಾಗಿಗಿಂತ ಜಾಸ್ತಿ ನೀನ ತಿಂತಿದ್ದಿ. ಹಸೀ ಸಂಡಿಗಿ ತಿಂದು ಹೊಟ್ಟಿ ಕೆಡಿಸ್ಕೊಂಡಿದ್ದು ನೆನಪೈತೇನು?"

"ಇಲ್ಲ."

"ಅದ್ಯಾಕ ನೆನಪಿರತೈತಿ!"

"ನಿನ್ನ ಕೌದಿ ಎಲ್ಲೈತಿ ಈಗ?"

ಆಗ ಅವಳ ಸೂಜಿ ನಿಂತಿತು. ಅಂಗಳದಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಕಡೆ ಗದ್ದ ಎತ್ತಿ ತೋರಿಸಿದಳು. ಡ್ರೈವರ್ ಸೀಟಿನ ಮೇಲೆ ಚೌಕಾಕಾರವಾಗಿ ಮಡಚಿ ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದ ಒಂದು ಕಪ್ಪು ಗಂಟು ಇತ್ತು. ಹತ್ತಿರ ಹೋಗಿ ನೋಡಿದೆ. ಕೆಸರು, ಗ್ರೀಸು, ಡೀಸೆಲ್ಲಿನ ವಾಸನೆ. ಅದರಲ್ಲಿ ಯಾವ ಸೀರೆಯ ಹೂವೂ ಕಾಣುತ್ತಿರಲಿಲ್ಲ.

"ಸೀಟು ಹರದು ಸ್ಪಂಜು ಹಾರಿ ಹೋಗಿತ್ತು," ಎಂದಳು ಅಕ್ಕ ನನ್ನ ಹಿಂದೆ ಬಂದು. "ನಮ್ಮ ಮನಿಯವ್ರು ಹೊಸಾದು ಹಾಕಿಸ್ತೀನಂದ್ರು. ಸುಮ್ನ ಯಾಕ ಖರ್ಚು ಅಂತ ನಾನ ಕಟ್ಟಿದೆ. ಅವ್ವಗ ಹೇಳಬ್ಯಾಡ ಮತ್ತ."

ಹೊಸಪೇಟೆಗೆ ಮರಳುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಒಂದು ಧೋತ್ರ, ಮೂವರು ಸಾಕ್ಷಿಗಳು. ಒಬ್ಬಳು ಅದರ ಮೇಲೆ ಮಲಗುತ್ತಾಳೆ. ಒಬ್ಬಳ ಗಂಡ ಅದರ ಮೇಲೆ ಕೂತು ಗದ್ದೆ ಉಳುತ್ತಾನೆ. ಇನ್ನೊಬ್ಬನ ಪ್ರಕಾರ ಅದು ಮಾಳಿಗೆಯ ಮೇಲೆ ಹರಿದುಹೋಗಿದೆ. ಮೂವರಿಗೂ ಅನುಮಾನವಿರಲಿಲ್ಲ. ನನಗೆ ಈಗ ನನ್ನ ಮೇಲೆಯೇ ಅನುಮಾನ ಬಂದಿತ್ತು, ಏಕೆಂದರೆ ಅಕ್ಕ ಹೇಳಿದ ಮೇಲೆ ಸಂಡಿಗೆಯ ಕೆಳಗಿನ ಕೆಂಪು ಅಂಚು ನಿಧಾನವಾಗಿ ಹಸಿರು ಸೀರೆಯ ಅಂಚಾಗತೊಡಗಿತ್ತು.

ಕೌದಿ ಬಿಚ್ಚುವುದನ್ನು ತಪ್ಪಿಸಲು ನಾನೊಂದು ಉಪಾಯ ಮಾಡಿದೆ. ಪೇಟೆಯಲ್ಲಿ ಒಳ್ಳೆಯ ಹತ್ತಿ ಧೋತ್ರ ಕೊಂಡು ತಂದು ವಾಷಿಂಗ್ ಮಷೀನಿಗೆ ಹಾಕಿದೆ. ತೆಗೆದು ಒಣಗಿಸಿ ಮತ್ತೆ ಹಾಕಿದೆ. ದಿನವಿಡೀ ಅದೇ ಕೆಲಸ. ಮರುದಿನವೂ ಅದೇ. ಮಷೀನಿನ ಪಕ್ಕ ಸುಳಿದಾಡುತ್ತಿದ್ದ ನನ್ನನ್ನು ನೋಡಿ ಹೆಂಡತಿ ಕೇಳಿದಳು:

"ಏನ್ರಿ ಇದು? ಧೋತ್ರಕ್ಕ ಜ್ವರ ಬಂದೈತೇನು, ಗಳಿಗಿಗೊಮ್ಮೆ ಜಳಕ ಮಾಡ್ಸಾಕ ಹತ್ತೀರಿ?"

"ಹಳೇದು ಮಾಡಾಕ ಹತ್ತೀನಿ."

"ಕರೆಂಟಿನ ಬಿಲ್ಲು ಅತ್ತಿಗೆ ನೀವ ತೋರಸ್ರಿ."

ಬಟ್ಟೆ ಸುಮಾರಾಗಿ ಮೆತ್ತಗಾಗಿದೆ ಅನ್ನಿಸಿದ ಮೇಲೆ ಅವ್ವನ ಮುಂದೆ ಇಟ್ಟೆ. ಎಲ್ಲಿಂದ ತಂದದ್ದೆಂದು ಹೇಳಲಿಲ್ಲ. ಅವಳ ಕಣ್ಣು ಈಗ ಅಷ್ಟು ಚುರುಕಿಲ್ಲ. ಹೆಬ್ಬೆರಳು, ತೋರುಬೆರಳುಗಳ ನಡುವೆ ಬಟ್ಟೆ ಹಿಡಿದು ಒಮ್ಮೆ ತಿಕ್ಕಿ ಬಿಟ್ಟಳು.

"ಇದು ಹಳೇದಾಗಿಲ್ಲೋ. ದಣದೈತಿ ಅಷ್ಟ."

ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಹೆಂಡತಿ ಅವಳಿಗೆ ನಗಬೇಡವೆಂದು ಹೇಳುತ್ತಾ ತಾನೂ ನಕ್ಕಳು.

"ಅಜ್ಜಿ, ಕೌದಿ ಬ್ಯಾಡ ಬಿಡು," ಎಂದಳು ಮಗಳು ನಗು ನಿಂತ ಮೇಲೆ. "ನೀ ಎದರ ಮ್ಯಾಲೆ ಮಲಗ್ತಿ?"

"ನಾ ಎಲ್ಲ್ಯಾರ ಮಲಗ್ತೀನಿ. ಕೂಸು ಹಂಗಲ್ಲ. ಅದಕ್ಕ ಅವರ ಅಜ್ಜನ ಅರಿವಿ ತಾಗಬೇಕು. ನೋಡ್ಲಿಲ್ಲಂದ್ರೂ ಮೈಗೆ ತಾಗಬೇಕು." ಅಜ್ಜ ಎಂದಳು, ಮುತ್ತಜ್ಜ ಎನ್ನಲಿಲ್ಲ. "ಅವ್ರು ಒಂದು ದಿನಾನೂ ದವಾಖಾನಿ ಮೆಟ್ಟಲ ಹತ್ತಿದವರಲ್ಲ."

ಅಪ್ಪ ಕಂಪನಿಯ ಆಸ್ಪತ್ರೆಯಲ್ಲಿ ಮಲಗಿದ್ದದ್ದು ನನಗೆ ನೆನಪಿದೆ. ಕಿಟಕಿಯ ಪಕ್ಕದ ಮಂಚ, ಬ್ರೆಡ್ಡು, ಫ್ಲಾಸ್ಕು. ಹೇಳಲು ಬಾಯಿ ತೆರೆದವನು ಸಂಡಿಗೆಯನ್ನು ನೆನೆದು ಸುಮ್ಮನಾದೆ.

"ಒಂದು ಮೂಲಿ ಬಿಚ್ಚಿ ನೋಡೋಣ," ಎಂದಳು ಮಗಳು. "ಇದ್ರ ತಗೊಳ್ಳೋಣ, ಇಲ್ಲಂದ್ರ ವಾಪಸ್ ಹೊಲ್ಯೋಣ."

ಲ್ಯಾಬಿನಲ್ಲಿ ಇಡೀ ರಾಶಿ ಅದಿರಿಗೆ ಒಂದು ಹಿಡಿ ತೆಗೆದು ಪರೀಕ್ಷಿಸುವವಳ ಯೋಚನೆ ಅದು. ಕೌದಿಗೆ ಅದು ನಡೆಯುವುದಿಲ್ಲ. ಒಂದೊಂದು ಪದರವೂ ಹತ್ತಾರು ಬಟ್ಟೆಗಳ ತುಂಡುಗಳಿಂದ ಆಗಿರುತ್ತದೆ. ಒಂದು ಮೂಲೆಯಲ್ಲಿ ಲಂಗ ಸಿಕ್ಕಿತೆಂದರೆ ಇನ್ನೊಂದರಲ್ಲಿ ಏನಿದೆ ಎಂದು ಹೇಳಲಾಗದು. ಬಿಚ್ಚುವುದಾದರೆ ಪೂರ್ತಿ ಬಿಚ್ಚಬೇಕು. ಇದನ್ನು ನಾನು ವಿವರವಾಗಿ ಹೇಳಿದೆ. ಇನ್ನೆರಡು ವಾರ ತಡೆಯೋಣ, ಯಾರಾದರೂ ನೆಂಟರ ಮನೆಯಲ್ಲಿ ಕೇಳೋಣ ಎಂದೂ ಸೇರಿಸಿದೆ.

ಅವ್ವ ನನ್ನನ್ನು ನೋಡಿದಳು.

"ನಿನಗ ಅಂಜಿಕಿ ಬಂದೈತಿ."

"ಹೂಂ. ಅದರಾಗ ಇಲ್ಲಂದ್ರ?"

"ಇಲ್ಲಂದ್ರ ಇಲ್ಲ. ಬಿಚ್ಚದ ಹ್ಯಾಂಗ ಗೊತ್ತಾಗತೈತಿ? ಅಷ್ಟು ವರ್ಷ ಹಂಪ್ಯಾಗ ಕಲ್ಲು ತಿರಿವಿ ಹಾಕಿದಿ, ಮನ್ಯಾಗಿನ ಕೌದಿ ತಿರಿವಿ ಹಾಕಾಕ ಕೈ ಬರವಲ್ವೇನು?"

ಮರುದಿನ ಬೆಳಿಗ್ಗೆ ಜಳಕವಾದ ಮೇಲೆ ನಡುಮನೆಯಲ್ಲಿ ಕೌದಿ ಹಾಸಿದೆವು. ಅವ್ವ ಎಲೆಅಡಿಕೆ ಚೀಲದಿಂದ ಕಾಗದದಲ್ಲಿ ಸುತ್ತಿಟ್ಟಿದ್ದ ಅರ್ಧ ಬ್ಲೇಡು ತೆಗೆದುಕೊಟ್ಟಳು. ಗಡ್ಡ ಕೆರೆದು ಬಿಟ್ಟ ಬ್ಲೇಡನ್ನು ಮುರಿದು ಹೊಲಿಗೆ ಬಿಚ್ಚಲು ಇಟ್ಟುಕೊಳ್ಳುವುದು ಅವಳ ಪದ್ಧತಿ. ಮಗಳು ಕುರ್ಚಿಯಲ್ಲಿ ಕೂತಳು. ನಾನೂ ಹೆಂಡತಿಯೂ ಎರಡು ಕಡೆಯಿಂದ ಅಂಚು ಬಿಡಿಸಿದೆವು. ಅವ್ವ ನಡುವೆ ಕೂತು, ನಾವು ಕತ್ತರಿಸಿದ ದಾರವನ್ನು ಎಳೆದೆಳೆದು ಉಂಡೆ ಸುತ್ತತೊಡಗಿದಳು.

"ಅದನ್ನೂ ಇಡ್ತಿಯೇನು ಅಜ್ಜಿ?" ಎಂದಳು ಮಗಳು.

"ದಾರಕ್ಕ ಏನಾಗೈತಿ?"

ಮೊದಲ ಪದರ ಸೀರೆಗಳು. ಅದರ ಕೆಳಗೆ ಅಕ್ಕನ ಶಾಲೆಯ ನೀಲಿ ಲಂಗ, ನನ್ನದೋ ಯಾರದೋ ಚೌಕುಳಿ ಅಂಗಿ, ಕಿಟಕಿಯ ಪರದೆ. ಕೆಳಗಿಳಿದಂತೆ ಬಟ್ಟೆಗಳ ಬಣ್ಣ ತಾಜಾ ಆಗುತ್ತಾ ಹೋಯಿತು. ಬೆಳಕು ಕಾಣದೆ ಉಳಿದ ಬಣ್ಣಗಳು. ಪ್ರತಿ ಪದರ ಎತ್ತಿದಾಗಲೂ ಹೊಲಿಗೆಯ ಸಂದುಗಳಿಂದ ನೆಲದ ಮೇಲೆ ಕೆಂಪು ದೂಳು ಉದುರುತ್ತಿತ್ತು. ಹೆಂಡತಿ ಮೂಗಿಗೆ ಸೆರಗು ಹಿಡಿದಳು. ಅವ್ವ ಒಂದೊಂದು ತುಂಡನ್ನೂ ಮುಟ್ಟಿ, ತಿರುವಿ, ಪಕ್ಕಕ್ಕೆ ಇಡುತ್ತಿದ್ದಳು. ಇದು ಪಕ್ಕದ ಮನೆಯಾಕಿಯದು, ಇದು ನೀನು ಹುಟ್ಟಿದಾಗಿನದು ಎಂದು ಮೊದಮೊದಲು ಹೇಳುತ್ತಿದ್ದವಳು ಆಮೇಲೆ ಮಾತು ನಿಲ್ಲಿಸಿದಳು. ಬಿಳಿ ಬಟ್ಟೆ ಕಾಣುತ್ತಿರಲಿಲ್ಲ.

ನಡುವಿನ ಪದರ ಪೂರ್ತಿ ಖಾಕಿ. ಅಪ್ಪನ ಕೆಲಸದ ಅಂಗಿಗಳು. ತೋಳು ಕತ್ತರಿಸಿ, ಗುಂಡಿ ಬಿಚ್ಚಿ, ಬೆನ್ನಿನ ಭಾಗ ಮಾತ್ರ ಹರಡಿ ಒಂದರ ಪಕ್ಕ ಒಂದು ಸೇರಿಸಿದ್ದರು. ಖಾಕಿ ಎಂದು ಕರೆಯಲೂ ಬಾರದಷ್ಟು ಬಿಳಿಚಿದ್ದವು. ಅದರ ಕೆಳಗೆ ಮತ್ತೆ ಸೀರೆ. ಒಂದೇ ಒಂದು ಮೈದಾ ಚೀಲದ ತುಂಡು, ಅದೂ ಮೂಲೆಗೆ ಹಚ್ಚಿದ ತೇಪೆ. ಅಲ್ಲಿಗೆ ಕೌದಿ ಮುಗಿಯಿತು.

ಅವ್ವ ಕೊನೆಯ ತುಂಡನ್ನು ತಿರುವಿ ನೋಡಿದಳು. ಆಮೇಲೆ ಪಕ್ಕಕ್ಕೆ ಇಟ್ಟ ರಾಶಿಯನ್ನು ಇನ್ನೊಮ್ಮೆ ಮೊದಲಿನಿಂದ ಮುಟ್ಟುತ್ತಾ ಬಂದಳು.

"ಧೋತ್ರ ಇಲ್ಲ," ಎಂದಳು.

ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು, ಹೋಗಲಿಲ್ಲ. ಅಕ್ಕನ ಟ್ರ್ಯಾಕ್ಟರಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಸಮಾಧಾನವಾಗುತ್ತದೋ ಇನ್ನೂ ನೋವಾಗುತ್ತದೋ ತಿಳಿಯಲಿಲ್ಲ.

ಅವ್ವ ಖಾಕಿ ಬೆನ್ನುಗಳಲ್ಲಿ ಒಂದನ್ನು ತೊಡೆಯ ಮೇಲೆ ಎಳೆದುಕೊಂಡು ಎಡ ಭುಜದ ಜಾಗದಲ್ಲಿ ಬೆರಳಾಡಿಸಿದಳು. ಅಲ್ಲೊಂದು ಚೌಕ ತೇಪೆಯಿತ್ತು, ಸುತ್ತ ಒತ್ತೊತ್ತಾದ ಸಣ್ಣ ಹೊಲಿಗೆ.

"ಇದು ನಾ ಹಚ್ಚಿದ್ದು. ಊಟದ ಚೀಲದ ಪಟ್ಟಿ ಈ ಹೆಗಲಿಗೇ ಹಾಕ್ತಿದ್ರು, ಬಲಕ್ಕ ಹಾಕ್ರಿ ಅಂದ್ರ ಕೇಳ್ತಿದ್ದಿಲ್ಲ. ಎಲ್ಲಾ ಅಂಗೀನೂ ಇಲ್ಲೇ ಹರೀತಿದ್ವು." ಬಟ್ಟೆಯನ್ನು ಎರಡು ಬೆರಳ ನಡುವೆ ತಿಕ್ಕಿದಳು. ಇನ್ನೊಮ್ಮೆ ತಿಕ್ಕಿದಳು. "ಆಮ್ಯಾಲೆ ಕಂಪ್ನ್ಯಾಗ ಟೆರಿಕಾಟ್ ಕೊಟ್ರು. ಇದು ಅದಕ್ಕಿಂತ ಮೊದ್ಲಿಂದು, ಬರೀ ಹತ್ತಿ. ತಗೋ, ಮುಟ್ಟಿ ನೋಡು."

ಮಗಳು ಅದನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡಳು.

"ಅಜ್ಜಿ, ಬೆಣ್ಣಿ ಆಗೈತಿ ಇದು."

"ಧೋತ್ರ ಹಬ್ಬಕ್ಕ ಉಡ್ತಿದ್ರು," ಎಂದಳು ಅವ್ವ, ನಮಗಲ್ಲ, ತನಗೇ ಹೇಳಿಕೊಳ್ಳುವಂತೆ. "ಉಟ್ಟು ಬಂದು ಬಿಚ್ಚಿ ಇಡ್ತಿದ್ರು. ಇದನ್ನ ದಿನಾ ಹಾಕ್ಕೊಂತಿದ್ರು." ಆಮೇಲೆ ನನ್ನ ಕಡೆ ತಿರುಗಿ, "ಇದ ಆಗಲಿ. ಬಿಸಿನೀರು ಕಾಸು," ಎಂದಳು.

ಅಷ್ಟೇ ಆದದ್ದು. ಅತ್ತಳೇ ಎಂದು ಹೆಂಡತಿಯನ್ನು ಆಮೇಲೆ ಕೇಳಿದೆ. ಇಲ್ಲ ಎಂದಳು. ನನಗೆ ಅತ್ತಂತೆ ಕಂಡಿತ್ತು. ದೂಳಿಗೆ ಕಣ್ಣು ಒರೆಸಿಕೊಂಡಿರಬಹುದು.

ಬಟ್ಟೆ ಶುಚಿ ಮಾಡುವ ಕೆಲಸವನ್ನು ಮಗಳು ಕುರ್ಚಿಯಿಂದಲೇ ನಡೆಸಿದಳು. ಕುದಿಯುವ ನೀರಿನಲ್ಲಿ ಹಾಕು, ತೆಗೆ, ಬಿಸಿಲಿಗೆ ಹರಡು, ಮತ್ತೆ ಕುದಿಸು. ಮೊದಲ ನೀರು ಕೆಂಪಗಿತ್ತು, ಮುಂದಿನದು ಚಹಾದ ಬಣ್ಣ. ತಿಳಿ ನೀರು ಬರುವವರೆಗೆ ಅವಳು ಬಿಡಲಿಲ್ಲ. ಅವ್ವ ಬೆನ್ನುಗಳನ್ನು ಚೌಕ ಚೌಕವಾಗಿ ಕತ್ತರಿಸಿ ಅಂಚು ಮಡಚಿ ಹೊಲಿದಳು, ಬಿಚ್ಚಿಟ್ಟುಕೊಂಡ ದಾರದಿಂದಲೇ.

ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನಾನು ಹೇಳಿದ್ದಿಲ್ಲೇನು ಎಂದಳು. ಮೈದಾ ಚೀಲ ಒಂದೇ ಒಂದಿತ್ತು ಎಂದೆ. ಸರಿಯಾಗಿ ನೋಡಿರಲಿಕ್ಕಿಲ್ಲ ಎಂದಳು. ಅವ್ವ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಧೋತ್ರ ನಿನ್ನ ಕೌದ್ಯಾಗ ಐತೇನು?"

"ಐತಿ ಯವ್ವಾ."

"ಕೌದಿ ಚೊಲೋ ಇಟ್ಟೀಯೇನು?"

ಅಕ್ಕನ ದನಿ ನನಗೂ ಕೇಳುತ್ತಿತ್ತು. "ಮಸ್ತ್ ಐತವ್ವಾ. ನಿನ್ನ ಅಳಿಯಂದ್ರು ಅದರ ಮ್ಯಾಲಿಂದ ಏಳೂದ ಇಲ್ಲ."

ಅವ್ವ ಸಂತೋಷಪಟ್ಟಳು. ಅಕ್ಕನ ಕೊನೆಯ ಮಾತಿನಲ್ಲಂತೂ ಸುಳ್ಳು ಒಂದಕ್ಷರವೂ ಇಲ್ಲವಲ್ಲ ಎಂದು ನಾನು ಸುಮ್ಮನಿದ್ದೆ.

ಹೆರಿಗೆಯ ದಿನ ಅವ್ವನಿಗೆ ಮಂಡಿನೋವಿನಿಂದ ಆಸ್ಪತ್ರೆಗೆ ಬರಲಾಗಲಿಲ್ಲ. ಬಟ್ಟೆಯ ಗಂಟನ್ನು ಹೆಂಡತಿ ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸಿನ ಕೈಗೆ ಕೊಟ್ಟಳು. ನರ್ಸು ಬಿಚ್ಚಿ ನೋಡಿ, "ಖಾಕಿ ಯಾಕ್ರಿ? ಪೊಲೀಸ್ನೋರ ಮನಿಯವ್ರೇನು?" ಎಂದಳು.

"ಅಲ್ರಿ, ಮೈನ್ಸಿನೋರ ಮನಿಯವ್ರು," ಎಂದಳು ಹೆಂಡತಿ.

ಬಾಗಿಲು ಮುಚ್ಚಿತು. ನಾನು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು, ಖಾಕಿಯಲ್ಲಿ ಸುತ್ತಿದ ಕೂಸನ್ನು ತಂದು ತೋರಿಸಿದರು. ಹೆಣ್ಣು. ಮನೆಗೆ ಫೋನ್ ಮಾಡಿದೆ. ಗಂಡೋ ಹೆಣ್ಣೋ ಎಂದು ಅವ್ವ ಕೇಳಲಿಲ್ಲ.

"ಮೊದ್ಲ ಯಾವುದರಾಗ ಸುತ್ತಿದ್ರು?"

"ಹೊರಗ ತಂದಾಗ ಅಪ್ಪನ ಅಂಗ್ಯಾಗ ಇತ್ತು."

"ಅದಕ್ಕೂ ಮೊದ್ಲ?"

"ನಾ ಒಳಗ ಇದ್ದಿಲ್ಲವ್ವಾ. ಅಲ್ಲಿ ಆಸ್ಪತ್ರೀದು ಹಸರ ಅರಿವೀನೂ ಇರ್ತಾವು."

"ನೀ ಫೋನಿಡು," ಎಂದಳು ಅವ್ವ.

ನರ್ಸನ್ನು ಹುಡುಕಿ ಕೇಳಿಯೂ ಬಂದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೂಸು ಆರಾಮಿದೆ, ಚಹಾ ಕುಡಿದು ಬನ್ನಿ ಎಂದಳು.

ತೊಟ್ಟಿಲಿಗೆ ಹಾಕುವ ದಿನ ಬೀಗರು, ನೆಂಟರು ಮನೆ ತುಂಬ ಇದ್ದರು. ಕೂಸು ಅಂಗಡಿಯ ಹೊಸ ಅಂಗಿಯಲ್ಲಿತ್ತು. ಅವ್ವ ನಡುಮನೆಯಲ್ಲಿ ಕೂತು ಹೇಳುತ್ತಿದ್ದಳು: ಕೂಸು ಹುಟ್ಟಿ ಚಿಟ್ಟನೆ ಚೀರುತ್ತಿತ್ತು, ಡಾಕ್ಟರರು ಏನು ಮಾಡಿದರೂ ನಿಲ್ಲಿಸಲಿಲ್ಲ, ಅವರಜ್ಜನ ಅಂಗಿಯಲ್ಲಿ ಸುತ್ತಿದ್ದೇ ತಡ ಗಪ್ಪಾಯಿತು. ಹೆಂಡತಿ ಪಕ್ಕದಲ್ಲಿ ನಿಂತು ಹೂಂ ಹೂಂ ಎನ್ನುತ್ತಿದ್ದಳು. ಹೆರಿಗೆಯ ದಿನ ಕಂಪ್ಲಿಯಲ್ಲೇ ಇದ್ದ ಅಕ್ಕ, ಕಣ್ಣು ಬಿಟ್ಟು ನೋಡಿತಂತಲ್ಲ ಎಂದು ತನ್ನದೊಂದು ಸೇರಿಸಿದಳು.

ನನಗೆ ತಡೆಯಲಾಗಲಿಲ್ಲ. "ಅವ್ವಾ, ನೀ ಅಲ್ಲಿ ಇದ್ದಿಲ್ಲ."

"ನೀ ಇದ್ದೇನು?"

"ನಾನೂ ಹೊರಗಿದ್ದೆ."

"ಮತ್ತ ಸುಮ್ನಿರು. ಒಳಗಿದ್ದಾಕಿನ್ನ ಕೇಳು."

ಎಲ್ಲರೂ ಮಗಳ ಕಡೆ ನೋಡಿದರು. ಅವಳು ಕೂಸಿನ ಟೊಪ್ಪಿಗೆ ಸರಿಮಾಡುತ್ತಿದ್ದಳು. "ಹೌದಜ್ಜಿ," ಎಂದಳು, "ಹಂಗ ಆತು."

ಬೀಗರೆಲ್ಲ ಊಟಕ್ಕೆ ಎದ್ದ ಮೇಲೆ ನಾನು ಅವಳ ಪಕ್ಕ ಹೋಗಿ ಕೂತೆ.

"ಖರೇ ನೋಡಿದೇನು?"

"ಅಪ್ಪಾ, ನಾ ಆವಾಗ ಕಣ್ಣು ಮುಚ್ಚಿದ್ದೆ," ಎಂದಳು. "ಆದ್ರ ಚೀರೂದು ನಿಂತಿದ್ದು ಕೇಳಿಸ್ತು."

ಊಟಕ್ಕೆ ಕೂತವರ ನಡುವೆ ಅವ್ವ ಆಗಲೇ ಹೊಸ ಕೌದಿಯ ಮಾತಿಗೆ ಇಳಿದಿದ್ದಳು. ಯಾರ ಮನೆಯಲ್ಲಿ ಹತ್ತಿ ಬಟ್ಟೆ ಇದೆ ಎಂದು ಬೀಗರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದಳು.